ಬೆನ್ನಿನ ಮೇಲೆ ಹೂದೋಟ: ಮೆದೆಯೀನ್ ನಗರದಲ್ಲಿ ಏಳು ದಿನ

ಮೊದಲ ದಿನ

ಮಯಾಮಿಯಿಂದ ಹೊರಟ ವಿಮಾನವು ಮೂರೂವರೆ ಗಂಟೆಯ ನಂತರ ಕೊಲಂಬಿಯಾದ ಆಂತಿಯೋಕಿಯಾ ಪ್ರಾಂತ್ಯದ ಮೇಲೆ ಕೆಳಗಿಳಿಯತೊಡಗಿದಾಗ, ಗುಡ್ಡಗಳ ನಡುವಿನ ತಗ್ಗುಗಳಲ್ಲೆಲ್ಲ ಏನೋ ಬೆಳ್ಳಗೆ ಹೊಳೆಯುವುದು ಕಾಣಿಸಿತು. ನಾಟಿಗೆ ಮುನ್ನ ನೀರು ನಿಲ್ಲಿಸಿದ ಗದ್ದೆಗಳಿರಬೇಕೆಂದು ನಮ್ಮ ಯಜಮಾನರು ಹೇಳಿದರು. ಇನ್ನಷ್ಟು ಹತ್ತಿರವಾದ ಮೇಲೆ ಅವು ಪ್ಲಾಸ್ಟಿಕ್ ಹಾಳೆ ಹೊದ್ದ ಹೂವಿನ ಹಸಿರುಮನೆಗಳೆಂದು ತಿಳಿಯಿತು. ಕೊಯ್ದ ಹೂವಿನ ರಫ್ತಿನಲ್ಲಿ ನೆದರ್ಲೆಂಡ್ಸನ್ನು ಬಿಟ್ಟರೆ ಜಗತ್ತಿನಲ್ಲಿ ಎರಡನೆಯ ಸ್ಥಾನ ಈ ದೇಶದ್ದು. ಅಮೆರಿಕದ ಅಂಗಡಿಗಳಿಗೆ ಹೋಗುವ ಹೈಡ್ರೇಂಜಿಯಾ ಗೊಂಚಲುಗಳು ಇದೇ ಗುಡ್ಡಗಳಲ್ಲಿ ಬೆಳೆಯುತ್ತವೆ. ಆದರೆ ನಾವು ಬಂದದ್ದು ಪೆಟ್ಟಿಗೆಯೊಳಗೆ ಕುಳಿತು ವಿಮಾನ ಹತ್ತುವ ಹೂವನ್ನು ನೋಡಲಿಕ್ಕಲ್ಲ, ಮನುಷ್ಯರ ಬೆನ್ನೇರಿ ಬರುವ ಹೂವನ್ನು ನೋಡಲಿಕ್ಕೆ. ಪ್ರತಿವರ್ಷ ಆಗಸ್ಟ್ ತಿಂಗಳಿನಲ್ಲಿ ಮೆದೆಯೀನ್ ನಗರ ನಡೆಸುವ ಹೂವಿನ ಜಾತ್ರೆ, ಅಂದರೆ ಫೆರಿಯಾ ದೆ ಲಾಸ್ ಫ್ಲೋರೆಸ್, ಸಿಯೆತೆರೊಗಳೆಂಬ ರೈತರ ಮೆರವಣಿಗೆಯಿಂದ ಹೆಸರುವಾಸಿಯಾಗಿದೆ.

ನಾವು ಮೆಡೆಲಿನ್ ಎಂದು ಓದುವ ಹೆಸರನ್ನು ಅಲ್ಲಿನವರು ಮೆದೆಯೀನ್ ಎನ್ನುತ್ತಾರೆ. ಸ್ಪ್ಯಾನಿಷ್ ಕಲಿತಿರುವ ಮಗಳು ಇದನ್ನು ವಿಮಾನದಲ್ಲೇ ನಮಗೆ ಹೇಳಿಕೊಟ್ಟಿದ್ದಳು; ಉಳಿದ ಏಳು ದಿನವೂ ನಮ್ಮ ಬಾಯಿ ಮತ್ತು ಕಿವಿ ಅವಳೇ ಆಗಿದ್ದಳು.

ವಿಮಾನ ನಿಲ್ದಾಣವಿರುವುದು ನಗರದಲ್ಲಲ್ಲ, ಬೆಟ್ಟದಾಚೆಯ ರಿಯೋನೆಗ್ರೊ ಎಂಬ ಊರಿನಲ್ಲಿ. ಅಲ್ಲಿಂದ ಕಣಿವೆಗೆ ಇಳಿಯಲು 2019ರಲ್ಲಿ ತೆರೆದ, ಎಂಟು ಕಿಲೋಮೀಟರಿಗೂ ಉದ್ದದ ಸುರಂಗವಿದೆ. ಸುರಂಗದ ಅರ್ಧದಾರಿಯಲ್ಲಿ ಮಗಳು, "ಅಮ್ಮಾ, ಈಗ ನಮ್ಮ ತಲೆಯ ಮೇಲಿರುವುದೇ ಸಾಂತಾ ಎಲೆನಾ" ಎಂದಳು. ಹೂವು ಹೊರುವವರ ಊರು ಅದು. ಅವರ ಹಿರಿಯರು ಕತ್ತಲಿನಲ್ಲೇ ಎದ್ದು, ಗಂಟೆಗಟ್ಟಲೆ ನಡೆದು ಇಳಿಯುತ್ತಿದ್ದ ಬೆಟ್ಟವನ್ನು ನಾವು ಅದರ ಹೊಟ್ಟೆಯೊಳಗಿನಿಂದ ಹತ್ತೇ ನಿಮಿಷದಲ್ಲಿ ದಾಟಿದೆವು.

ಎರಡನೆಯ ದಿನ

ಬೆಳಿಗ್ಗೆ ಮೊದಲು ಹೋದದ್ದು ಪ್ಲಾಸೀತಾ ದೆ ಫ್ಲೋರೆಸ್ ಎಂಬ ಹಳೆಯ ಮಾರುಕಟ್ಟೆಗೆ. 1891ರಲ್ಲಿ ಆರಂಭವಾದ ಈ ಮಾರುಕಟ್ಟೆಯ ಹೆಸರನ್ನು ಕೇಳಿದವರೆಲ್ಲ ಇದನ್ನು ಹೂವಿನ ಚೌಕವೆಂದೇ ಅರ್ಥ ಮಾಡಿಕೊಳ್ಳುತ್ತಾರೆ. ವಾಸ್ತವವಾಗಿ ಫ್ಲೋರೆಸ್ ಎಂಬುದು ಇಲ್ಲಿ ಒಂದು ಮನೆತನದ ಹೆಸರು. ಆದರೂ ಸಾಂತಾ ಎಲೆನಾದ ರೈತರು ಹೂವನ್ನು ಹೊತ್ತು ತಂದು ಇಳಿಸುತ್ತಿದ್ದ ಜಾಗಗಳಲ್ಲಿ ಇದೂ ಒಂದಾದ್ದರಿಂದ, ಹೆಸರು ತಪ್ಪಾಗಿ ಅರ್ಥವಾದರೂ ಸುಳ್ಳಾಗಲಿಲ್ಲ.

ಒಳಗೆ ಸೊಪ್ಪು, ಔಷಧದ ಬೇರು, ಗಿಣ್ಣಿನಂಥ ಬಿಳಿಯ ಚೀಸ್, ಹಣ್ಣುಗಳ ಅಂಗಡಿಗಳ ನಡುವೆ ಹೂವಿನವರು ಕುಳಿತಿದ್ದರು. ಸೇವಂತಿಗೆ, ಕಾರ್ನೇಶನ್, ಗ್ಲಾಡಿಯೋಲಸ್, ಡೇಲಿಯಾ, ಸೂರ್ಯಕಾಂತಿಗಳನ್ನು ಗುರುತಿಸಲು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರಿಗೆ ಕಷ್ಟವೇನಿಲ್ಲ. ಒಂದು ಮೂಲೆಯಲ್ಲಿ ಚೆಂಡುಹೂವನ್ನು ಕಂಡಾಗ, ನಮ್ಮ ಊರಿನದು ಇಲ್ಲಿಗೂ ಬಂದಿದೆಯಲ್ಲ ಎಂದು ನನಗೆ ಅಚ್ಚರಿಯಾಯಿತು. ನಿಜಸ್ಥಿತಿ ತಿರುವುಮುರುವು: ನಾವು ಆಯುಧಪೂಜೆಗೆ ಬಸ್ಸು, ಲಾರಿಗಳಿಗೆಲ್ಲ ಸುತ್ತುವ ಆ ಹೂವು ಅಮೆರಿಕ ಖಂಡಗಳ ಮೂಲದ್ದು, ಹಡಗಿನಲ್ಲಿ ಸಾಗರ ದಾಟಿ ನಮ್ಮಲ್ಲಿಗೆ ಬಂದದ್ದು.

ಸಿಯೆತೆರೊ ಎಂಬ ಪದದ ಮೂಲ ಸಿಯಾ, ಅಂದರೆ ಕುರ್ಚಿ. ಬೆನ್ನಿಗೆ ಕಟ್ಟಿಕೊಳ್ಳುವ ಮರದ ಚೌಕಟ್ಟು ಸಿಯೆತಾ. ಅದನ್ನು ಹೊರುವವನು ಸಿಯೆತೆರೊ. ಈ ಚೌಕಟ್ಟಿನಲ್ಲಿ ಮೊದಲು ಕುಳಿತದ್ದು ಹೂವಲ್ಲ, ಮನುಷ್ಯ. ಸ್ಪೇನಿನ ಆಳ್ವಿಕೆಯ ಕಾಲದಲ್ಲಿ ಆಂಡಿಸ್ ಪರ್ವತಗಳ ಕಡಿದಾದ ಕೆಸರು ದಾರಿಗಳಲ್ಲಿ ಹೇಸರಗತ್ತೆಗಳೂ ಕಾಲಿಡಲು ಹಿಂಜರಿಯುತ್ತಿದ್ದ ಕಡೆ, ಉಳ್ಳವರು ಇನ್ನೊಬ್ಬನ ಬೆನ್ನಿಗೆ ಕಟ್ಟಿದ ಕುರ್ಚಿಯ ಮೇಲೆ ಹಿಂದಕ್ಕೆ ಮುಖ ಮಾಡಿ ಕುಳಿತು ಪ್ರಯಾಣ ಮಾಡುತ್ತಿದ್ದರು. 1801ರಲ್ಲಿ ಕಿಂದಿಯೋ ಕಣಿವೆಮಾರ್ಗವನ್ನು ದಾಟಿದ ಜರ್ಮನ್ ವಿಜ್ಞಾನಿ ಹಂಬೋಲ್ಟ್, ತಾನು ಮನುಷ್ಯನ ಬೆನ್ನೇರಲಾರೆನೆಂದು ಹೇಳಿ ಮಳೆಯಲ್ಲಿಯೇ ಕೆಸರು ತುಳಿದು ನಡೆದನು. ಪಲ್ಲಕ್ಕಿಯನ್ನು ಬಲ್ಲ ನಮಗೆ ಈ ವ್ಯವಸ್ಥೆ ತೀರ ಅಪರಿಚಿತವೇನೂ ಅಲ್ಲ. ಆದರೆ ಪಲ್ಲಕ್ಕಿಗೆ ಇಬ್ಬರಾದರೂ ಹೆಗಲು ಕೊಡುತ್ತಿದ್ದರು, ಇಲ್ಲಿ ಒಬ್ಬನ ಬೆನ್ನೇ ಪೂರ್ತಿ ಪಲ್ಲಕ್ಕಿ.

ದಾರಿಗಳು ಸುಧಾರಿಸಿದ ಮೇಲೆ ಕುರ್ಚಿಯಿಂದ ಮನುಷ್ಯ ಇಳಿದನು, ಚೌಕಟ್ಟು ಮಾತ್ರ ರೈತನ ಬೆನ್ನಿನ ಮೇಲೆಯೇ ಉಳಿಯಿತು. ಸಾಂತಾ ಎಲೆನಾದವರು ಅದರಲ್ಲಿ ತರಕಾರಿ, ಸೌದೆ, ಗಿಡಮೂಲಿಕೆಗಳನ್ನು ಪೇಟೆಗೆ ತಂದರು. ಬರಬರುತ್ತ ಹೂವನ್ನು ತಂದರು. ಹೂವು ಮಾರುವವರಲ್ಲಿ ಹೆಂಗಸರೂ ಬಹಳ ಮಂದಿ ಇದ್ದರು.

ಊಟದ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಹುರುಳಿಕಾಯಿಯ ಕಾಳಿನ ಸಾರಿನಲ್ಲಿಯೂ ಹಂದಿಮಾಂಸ ಬೀಳುವ ಈ ಊರಿನಲ್ಲಿ ಮುಸುಕಿನ ಜೋಳದ ಹಿಟ್ಟಿನಿಂದ ಬೇಯಿಸಿದ ಅರೆಪಾ ಎಂಬ ರೊಟ್ಟಿಯೂ ಜಜ್ಜಿ ಕರಿದ ಬಾಳೆಕಾಯಿಯೂ ನಮ್ಮನ್ನು ಕಾಪಾಡಿದವು.

ಮೂರನೆಯ ದಿನ

ಮೆದೆಯೀನಿನ ಮೆಟ್ರೊ 1995ರಲ್ಲಿ ಆರಂಭವಾಯಿತು. ಬೆಟ್ಟದ ಇಳಿಜಾರುಗಳಲ್ಲಿ ಮನೆ ಕಟ್ಟಿಕೊಂಡಿದ್ದ ಬಡವರ ಬಡಾವಣೆಗಳಿಗೆ ರೈಲು ಏರುವುದು ಸಾಧ್ಯವಿರಲಿಲ್ಲವಾದ್ದರಿಂದ, 2004ರಲ್ಲಿ ಹಗ್ಗದ ಮೇಲೆ ತೂಗುವ ತೊಟ್ಟಿಲುಗಳನ್ನು ಅದೇ ಮೆಟ್ರೊಗೆ ಜೋಡಿಸಿದರು. ಅಸೆವೆದೋ ನಿಲ್ದಾಣದಿಂದ ಸಾಂತೊ ದೊಮಿಂಗೊವರೆಗೆ ಒಂದು ಹಗ್ಗ, ಅಲ್ಲಿಂದ ಆರ್ವೀ ಕಾಡಿಗೆ ಇನ್ನೊಂದು. ಕೊನೆಯ ಮನೆಯ ತಗಡಿನ ಮಾಡು ದಾಟಿದೊಡನೆ ಕೆಳಗೆ ಬರೀ ಮರಗಳು. ಗಾಳಿ ತಣ್ಣಗಾಯಿತು, ಮಂಜು ಕವಿಯಿತು, ಯಜಮಾನರು ಮಂಗನ ಟೋಪಿ ಹಾಕಿಕೊಂಡರು. ನಗರವಿರುವುದು ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರದಲ್ಲಿ. ಸಾಂತಾ ಎಲೆನಾ ಅದಕ್ಕಿಂತ ಹೆಚ್ಚುಕಡಿಮೆ ಒಂದು ಸಾವಿರ ಮೀಟರ್ ಮೇಲೆ. ಕೆಳಗಿನ ಬೆಚ್ಚನೆಯ ಕಣಿವೆಗೆ ಬೇಕಾದ ಹೂವನ್ನು ಮೇಲಿನ ಚಳಿ ಬೆಳೆಸಿಕೊಡುತ್ತಿತ್ತು. ಈ ವ್ಯಾಪಾರ ಹುಟ್ಟಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮಧ್ಯಾಹ್ನ ಇಳಿದು ಬಂದು ಸಸ್ಯೋದ್ಯಾನದಲ್ಲಿ ಜಾತ್ರೆಯ ಅಂಗವಾಗಿ ಏರ್ಪಡಿಸಿದ್ದ ಆರ್ಕಿಡ್ ಪ್ರದರ್ಶನವನ್ನು ನೋಡಿದೆವು. ಜೇನುಗೂಡಿನಂತೆ ಷಟ್ಕೋನಗಳನ್ನು ಕೂಡಿಸಿ ಕಟ್ಟಿದ ಎತ್ತರದ ಮರದ ಚಪ್ಪರದ ಕೆಳಗೆ ಈ ದೇಶದ ರಾಷ್ಟ್ರೀಯ ಹೂವಾದ ಕ್ಯಾಟ್ಲಿಯಾ ಆರ್ಕಿಡ್ ಸೇರಿದಂತೆ ನೂರಾರು ಬಗೆಗಳನ್ನು ಜೋಡಿಸಿದ್ದರು. ಚೆಲುವಾಗಿತ್ತು, ಆದರೆ ಜನಸಂದಣಿಯಲ್ಲಿ ಯಾವ ಹೂವಿನ ಮುಂದೆಯೂ ಅರೆನಿಮಿಷ ನಿಲ್ಲಲಾಗಲಿಲ್ಲ.

ನಾಲ್ಕನೆಯ ದಿನ

ಊರಿನಿಂದ ಫೋನು ಮಾಡಿದ ನನ್ನ ತಮ್ಮ, "ಅಕ್ಕಾ, ಅಲ್ಲಿ ಓಡಾಡಲು ಭಯವಿಲ್ಲವೇ?" ಎಂದು ವಿಚಾರಿಸಿದನು. ಮೆದೆಯೀನ್ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು 1993ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಕೊಕೇನ್ ದೊರೆ ಪಾಬ್ಲೊ ಎಸ್ಕೊಬಾರ್. ಊರಿನ ಜನಕ್ಕೆ ಈ ಪ್ರಶ್ನೆ ಎಷ್ಟು ಬೇಸರ ತರಿಸಿರಬಹುದೆಂಬುದನ್ನು ನಾವು ಉಳಿದುಕೊಂಡಿದ್ದ ಮನೆಯೊಡತಿಯ ಮುಖದಲ್ಲೇ ಓದಬಹುದಾಗಿತ್ತು. ಅವನ ಹೆಸರಿನ ಪ್ರವಾಸಕ್ಕೆ ಕರೆಯುವ ಚೀಟಿಗಳನ್ನು ಬೀದಿಯಲ್ಲಿ ಹಂಚುತ್ತಿದ್ದರೂ ನಾವು ತೆಗೆದುಕೊಳ್ಳಲಿಲ್ಲ.

ಬದಲಿಗೆ ಬೊಲಿವಾರ್ ಉದ್ಯಾನದ ಎದುರಿನ ಇಟ್ಟಿಗೆಯ ಬೃಹತ್ ಕೆಥೆಡ್ರಲ್‌ಗೆ ಹೋದೆವು. ಜಾತ್ರೆಯ ಚರಿತ್ರೆ ಆರಂಭವಾಗುವುದು ಇದರ ಮುಂದಿನ ಜಗಲಿಯಿಂದ. ನಗರದ ಪ್ರವಾಸೋದ್ಯಮ ಕಚೇರಿಯ ಮಂಡಳಿಯಲ್ಲಿದ್ದ ಆರ್ತುರೊ ಉರೀಬೆ ಎಂಬವರು ಹೂವಿನ ಹಬ್ಬವೊಂದನ್ನು ನಡೆಸಬೇಕೆಂದು ಸೂಚಿಸಿದರು. 1957ರ ಮೇ 1ರಂದು ಅದು ಆರಂಭವಾಗಿ, ಇದೇ ಜಗಲಿಯಲ್ಲಿ ಹೂವಿನ ಪ್ರದರ್ಶನವನ್ನು ಏರ್ಪಡಿಸಲಾಯಿತು. ಜೊತೆಗೆ ಸಾಂತಾ ಎಲೆನಾದಿಂದ ಸುಮಾರು 40 ಮಂದಿ ಸಿಯೆತೆರೊಗಳನ್ನು ಕರೆಸಿ, ಪೇಟೆಗೆ ದಿನನಿತ್ಯ ಹೂವು ಹೊತ್ತು ತರುವ ಹಾಗೆಯೇ ಬೀದಿಯಲ್ಲಿ ನಡೆಸಿದರು. ದೇಶವು ಆಗ ವರ್ಷಗಳ ರಾಜಕೀಯ ಹಿಂಸಾಚಾರದಿಂದ ಜರ್ಜರಿತವಾಗಿತ್ತು. ಆ ಮೇ 10ರಂದೇ ಸೇನಾಧಿಕಾರಿ ರೋಹಾಸ್ ಪಿನೀಯಾ ಅಧಿಕಾರದಿಂದ ಕೆಳಗಿಳಿದನು. ಅಂದರೆ ಮೊದಲ ಹೂಮೆರವಣಿಗೆ ನಡೆದದ್ದು ಒಂದು ಸರ್ವಾಧಿಕಾರದ ಕೊನೆಯ ಹತ್ತು ದಿನಗಳೊಳಗೆ. ಮರುವರ್ಷದಿಂದ ಹಬ್ಬವನ್ನು ಆಗಸ್ಟ್‌ಗೆ ತಂದರು, ಏಕೆಂದರೆ ಆಂತಿಯೋಕಿಯಾ ತನ್ನ ಸ್ವಾತಂತ್ರ್ಯವನ್ನು ಸಾರಿದ್ದು 1813ರ ಆಗಸ್ಟ್ 11ರಂದು.

ಆ ನಲವತ್ತು ಮಂದಿಗೆ ಅದು ಹೊಸದೇನೂ ಆಗಿರಲಿಲ್ಲ ಎಂಬುದು ನನ್ನ ಗ್ರಹಿಕೆ. ಅವರು ಅದೇ ಹೊರೆಯನ್ನು ಅದೇ ಬೆನ್ನಿನ ಮೇಲೆ ಹೊತ್ತು ಬಂದರು. ಬೀದಿಯ ಎರಡೂ ಕಡೆ ನಿಂತು ನೋಡಲು ತೊಡಗಿದ್ದು ಮಾತ್ರ ಊರು. ಸಂಜೆ ಹಳೆಯ ಕಾರುಗಳ ಮೆರವಣಿಗೆಯಿತ್ತು. ಯಜಮಾನರಿಗೆ ಬಹಳ ಹಿಡಿಸಿತು. ನಾನು ಕಾಫಿ ಕುಡಿಯುತ್ತ ಕುಳಿತೆ.

ಐದನೆಯ ದಿನ

ಮೆರವಣಿಗೆಯ ಹಿಂದಿನ ರಾತ್ರಿ ಸಾಂತಾ ಎಲೆನಾದಲ್ಲಿ ಯಾರೂ ಮಲಗುವುದಿಲ್ಲ. ತೋಟದ ಮನೆಗಳು ತಮ್ಮ ಅಂಗಳದ ಬಾಗಿಲನ್ನು ತೆರೆದಿಟ್ಟು, ಸಿಯೆತಾ ಕಟ್ಟುವುದನ್ನು ನೋಡಲು ಬಂದವರನ್ನು ಒಳಗೆ ಕರೆಯುತ್ತವೆ. ನಾವು ಹೋದ ಮನೆಯಲ್ಲಿ ಅಜ್ಜ, ಅವರ ಮಗ, ಸೊಸೆ, ಮದುವೆಯಾಗಿ ಪಕ್ಕದ ಊರಿನಲ್ಲಿರುವ ಮಗಳು, ನಾಲ್ಕೈದು ಮೊಮ್ಮಕ್ಕಳು, ಹಾಗೂ ಅಂದು ಸಹಾಯಕ್ಕೆ ಬಂದಿದ್ದ ಲೆಕ್ಕವಿಲ್ಲದಷ್ಟು ಬಳಗದವರು ಇದ್ದರು. ಸಂಜೆ ಆರಕ್ಕೆ ತಲುಪಿದ ನಮಗೆ ಹಿತ್ತಾಳೆಯ ಬಣ್ಣದ ಬಿಸಿ ಪಾನೀಯವೊಂದನ್ನು ತಂದುಕೊಟ್ಟರು. ಒಂದು ಗುಟುಕು ಕುಡಿದ ಯಜಮಾನರು ನನ್ನ ಮುಖ ನೋಡಿ, "ಇದು ಬೆಲ್ಲದ ನೀರು ಕಣೇ" ಎಂದರು. ಹೌದು, ಅಗುವಾಪನೇಲಾ ಎಂದರೆ ಅದೇ. ಕಬ್ಬಿನ ಬೆಲ್ಲವನ್ನು ಇಲ್ಲಿ ಪನೇಲಾ ಎನ್ನುತ್ತಾರೆ. ಬೆಲ್ಲ ತಯಾರಿಸುವುದರಲ್ಲಿ ಭಾರತದ ನಂತರದ ಸ್ಥಾನ ಈ ದೇಶದ್ದು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವ ಪದ್ಧತಿ ಭೂಮಿಯ ಇನ್ನೊಂದು ಮಗ್ಗುಲಲ್ಲಿಯೂ ಇದೆಯೆಂದು ತಿಳಿದ ಮೇಲೆ ನನಗೆ ಆ ಅಂಗಳದಲ್ಲಿ ಸಂಕೋಚವೆನಿಸಲಿಲ್ಲ.

ಆ ಮನೆಯಲ್ಲಿ ಎರಡು ಬಗೆಯ ಸಿಯೆತಾಗಳು ಸಿದ್ಧವಾಗುತ್ತಿದ್ದವು. ಅಜ್ಜನದು ಸಾಂಪ್ರದಾಯಿಕ ಬಗೆ: ಹಿಂದೆ ಮಾರುಕಟ್ಟೆಗೆ ಒಯ್ಯುತ್ತಿದ್ದಂತೆ, ತೋಟದ ಹೂಗಳನ್ನು ಬಗೆಬಗೆಯಾಗಿ ಸಣ್ಣ ಕಟ್ಟುಗಳಾಗಿಸಿ ಚೌಕಟ್ಟಿಗೆ ಒತ್ತೊತ್ತಾಗಿ ಸೇರಿಸುವುದು. ಬುಡದಲ್ಲಿ ದಪ್ಪ ಗೊಂಚಲುಗಳು, ನಡುವೆ ಸೇವಂತಿಗೆ ಮತ್ತು ಕಾರ್ನೇಶನ್, ನೆತ್ತಿಯಲ್ಲಿ ಬೀಸಣಿಗೆಯಂತೆ ಹರಡಿದ ಗ್ಲಾಡಿಯೋಲಸ್ ಮತ್ತು ನೀಲಿ ಅಗಾಪಾಂಥಸ್. ಅಜ್ಜನ ಮಗಳದು ಸಂದೇಶದ ಸಿಯೆತಾ. ದೊಡ್ಡ ರಟ್ಟಿನ ಮೇಲೆ ಚಿತ್ರವನ್ನೂ ಅಕ್ಷರಗಳನ್ನೂ ಬರೆದು, ಒಣಗಿದರೂ ಬಣ್ಣಗೆಡದ ಪುಟ್ಟ ಹೂಗಳನ್ನು ಒಂದೊಂದಾಗಿ ಅಂಟಿಸಿ ತುಂಬುತ್ತಾರೆ. ಅವಳು ಆರಿಸಿಕೊಂಡಿದ್ದ ವಿಷಯ ನೀರಿನ ಉಳಿವು. ಐದಾರು ಹೆಂಗಸರು ಮೇಜಿನ ಸುತ್ತ ಕುಳಿತು ಅಂಟಿಸುತ್ತಿದ್ದರು. ಅವರ ಮಾತು ನಗೆ ನಡೆದೇ ಇತ್ತು, ಕೈ ಮಾತ್ರ ಒಂದು ಕ್ಷಣವೂ ನಿಲ್ಲಲಿಲ್ಲ. ಇವೆರಡಲ್ಲದೆ ಹಲವು ಮೀಟರ್ ಅಗಲಕ್ಕೆ ಹರಡುವ ಭವ್ಯ ಸಿಯೆತಾ, ಕಂಪನಿಗಳ ಹಣದಿಂದ ತಯಾರಾಗುವ ವಾಣಿಜ್ಯ ಸಿಯೆತಾ, ಕಲಾತ್ಮಕ ಸಿಯೆತಾ ಎಂಬ ವರ್ಗಗಳೂ ಇವೆ. ಭವ್ಯವಾದವುಗಳ ತೂಕ 70 ಕಿಲೋ ಮೀರುವುದುಂಟು.

ನಾನು ಸುಮ್ಮನೆ ಕುಳಿತಿರಲಾರದೆ ಕೈ ಚಾಚಿದಾಗ ಸೊಸೆ ನನ್ನ ಮುಂದೆ ಹಳದಿ ಸೇವಂತಿಗೆಯನ್ನೂ ದಾರವನ್ನೂ ಇಟ್ಟಳು. ಕೈ ತನ್ನಷ್ಟಕ್ಕೇ ಮೊದಲ ಹೂವಿನ ದಂಟನ್ನು ಚಿವುಟಲು ಹೋಯಿತು, ಅವಳು ಗಾಬರಿಯಾಗಿ ಕೂಗಿಕೊಂಡಳು. ಮುಡಿಗೂ ದೇವರಿಗೂ ಹೂವು ಕಟ್ಟಿ ಬೆಳೆದವರಿಗೆ ಹೂವೆಂದರೆ ದಂಟು ಕಳೆದದ್ದು. ದಾರದಲ್ಲಿ ಒಂದರ ಪಕ್ಕ ಇನ್ನೊಂದು ಕೂರಬೇಕು, ಮೊಳದ ಲೆಕ್ಕಕ್ಕೆ ಬರಬೇಕು. ಇವರಿಗೆ ಹೂವಿನಷ್ಟೇ ದಂಟೂ ಮುಖ್ಯ; ನೀರು ಹಿಡಿದಿಡುವುದು ಅದು, ಚೌಕಟ್ಟಿನಲ್ಲಿ ನೆಟ್ಟಗೆ ನಿಲ್ಲಿಸುವುದೂ ಅದು. ನಾನು ಅವರ ರೀತಿಯಲ್ಲಿ ಒಂದು ಕಟ್ಟು ಮಾಡಿದೆ. ಗಂಟು ಸ್ವಲ್ಪ ಸಡಿಲವೆಂದು ನನಗೇ ಅನಿಸಿದರೂ, ಅತಿಥಿಯ ಕೈಯದೆಂಬ ದಾಕ್ಷಿಣ್ಯಕ್ಕೆ ಅದನ್ನು ಅಜ್ಜನ ಸಿಯೆತಾದ ಎಡಬದಿಗೆ ಸೇರಿಸಿದರು.

ಈ ಮೆರವಣಿಗೆಯಲ್ಲಿ ನಡೆಯುವ ಹಕ್ಕು ಹಣ ಕೊಟ್ಟರೆ ಸಿಗುವಂಥದಲ್ಲ. ಸಾಂತಾ ಎಲೆನಾದ ನೋಂದಾಯಿತ ಕುಟುಂಬಗಳಿಗೆ ಮಾತ್ರ ಅದು ಇದೆ, ತಂದೆತಾಯಿಗಳಿಂದ ಮಕ್ಕಳಿಗೆ ಹೋಗುತ್ತದೆ. ನಲವತ್ತರಿಂದ ಆರಂಭವಾದ ಸಂಖ್ಯೆ ಈಗ ಸುಮಾರು 500ರ ಆಸುಪಾಸಿನಲ್ಲಿದೆ. ಹಿರಿಯರ ಜೊತೆಗೆ ಮಕ್ಕಳದೂ ಪ್ರತ್ಯೇಕ ತಂಡವಿದೆ. 2003ರಲ್ಲಿ ಕಾನೂನಿನ ಮೂಲಕ ಇದನ್ನು ರಾಷ್ಟ್ರದ ಸಾಂಸ್ಕೃತಿಕ ಸಂಪತ್ತೆಂದು ಘೋಷಿಸಿದರು. ಘೋಷಣೆಗಳಿಂದ ತೋಟ ಉಳಿಯುವುದಿಲ್ಲವೆಂಬುದನ್ನು ಅಜ್ಜ ಕೈ ತೋರಿಸಿಯೇ ಹೇಳಿದರು: ಬೇಲಿಯಾಚೆ ಮೊದಲು ಹೂವಿನ ಮಡಿಗಳಿದ್ದ ಜಾಗದಲ್ಲಿ ನಗರದವರ ವಾರಾಂತ್ಯದ ಬಂಗಲೆಗಳು ದೀಪ ಹಚ್ಚಿಕೊಂಡು ನಿಂತಿದ್ದವು. ತಮ್ಮ ಸಿಯೆತಾಕ್ಕೆ ಬೇಕಾದ ಹೂವಿನಲ್ಲಿ ಒಂದು ಪಾಲನ್ನು ಈಗ ಹೊರಗಿನಿಂದ ಕೊಳ್ಳಬೇಕಾಗಿದೆಯೆಂದು ಅವರು ತಗ್ಗಿದ ದನಿಯಲ್ಲಿ ಸೇರಿಸಿದರು. ಬೆಟ್ಟದವರು ಪೇಟೆಗೆ ಹೂವು ಮಾರಿದ ನೆನಪನ್ನು ಆಚರಿಸಲು ಬೆಟ್ಟದವರೇ ಹೂವು ಕೊಳ್ಳುವಂತಾಗಿದೆ.

ರಾತ್ರಿ ಎರಡರ ಹೊತ್ತಿಗೆ ಮಳೆ ಬಂತು. ಗಂಡಸರು ಓಡಿಹೋಗಿ ಟಾರ್ಪಾಲನ್ನು ಎಳೆದು ಕಟ್ಟಿದರು. ಹನಿ ಬಿದ್ದರೆ ಸಾಂಪ್ರದಾಯಿಕ ಸಿಯೆತಾಕ್ಕೆ ಒಳ್ಳೆಯದೇ, ಆದರೆ ಅಂಟಿಸಿದ ಚಿತ್ರಕ್ಕೆ ಅದು ಗಂಡಾಂತರ. ಚಳಿಗೆ ನಡುಗುತ್ತಿದ್ದ ನನಗೆ ಅಜ್ಜನ ಮಗಳು ತನ್ನ ಉಣ್ಣೆಯ ಶಾಲನ್ನು ಹೊದಿಸಿದಳು.

ಆರನೆಯ ದಿನ

ಮೆರವಣಿಗೆ ಮಧ್ಯಾಹ್ನದ ನಂತರ. ಗುಯಾಬಾಲ್ ಹೆದ್ದಾರಿಯ ಎರಡೂ ಬದಿ ಬೆಳಿಗ್ಗೆಯೇ ಕಿಕ್ಕಿರಿದು, ಟಿಕೆಟ್ ಪಡೆದವರು ಮರದ ಅಟ್ಟಣಿಗೆಯ ಮೇಲೆಯೂ ನಮ್ಮಂಥವರು ಹಗ್ಗದ ಹಿಂದೆಯೂ ನಿಂತರು. ಪಕ್ಕದಲ್ಲೇ ಇರುವುದು ಹಳೆಯ ವಿಮಾನ ನಿಲ್ದಾಣ; ಟ್ಯಾಂಗೊ ಗಾಯಕ ಕಾರ್ಲೋಸ್ ಗಾರ್ದೆಲ್ 1935ರಲ್ಲಿ ಅಪಘಾತದಲ್ಲಿ ತೀರಿಕೊಂಡದ್ದು ಅಲ್ಲಿಯೇ.

ವಾದ್ಯಮೇಳಗಳೂ ಕುಣಿತದ ತಂಡಗಳೂ ಮೊದಲು ಬಂದವು. ಅವುಗಳ ಹಿಂದೆ ಪುಟ್ಟ ಸಿಯೆತಾ ಹೊತ್ತ ಮಕ್ಕಳು. ಒಬ್ಬ ಹುಡುಗನಿಗೆ ಹ್ಯಾಟು ಕಣ್ಣಿನವರೆಗೂ ಜಾರಿತ್ತು. ನಂತರ ದೊಡ್ಡವರು ಬರತೊಡಗಿದರು. ಗಂಡಸರಿಗೆ ಬಿಳಿ ಅಂಗಿ, ಕಪ್ಪು ಪ್ಯಾಂಟು, ಹೆಗಲ ಮೇಲೆ ಮಡಿಸಿದ ಪೊಂಚೊ, ಪಕ್ಕಕ್ಕೆ ತೂಗುವ ಕಾರಿಯೆಲ್ ಎಂಬ ಚರ್ಮದ ಚೀಲ. ಹೆಂಗಸರಿಗೆ ಕಸೂತಿಯ ರವಿಕೆ ಮತ್ತು ಕಪ್ಪು ಲಂಗ. ಹೊರೆಯ ಭಾರದ ಒಂದಂಶವನ್ನು ಹಣೆಗೆ ಕಟ್ಟಿದ ಪಟ್ಟಿ ಹೊರುವುದರಿಂದ ಕುತ್ತಿಗೆಯ ನರಗಳು ಬಿಗಿದಿದ್ದವು. ಎದುರಿನಿಂದ ನೋಡಿದರೆ ಮೊದಲು ಕಾಣುವುದು ಬೆವರಿದ ಮುಖ. ಹೂವು ಕಾಣುವುದು ಅವರು ದಾಟಿಹೋದ ಮೇಲೆ. ಅದಕ್ಕಾಗಿಯೇ ಜನ "ಬುವೆಲ್ತಾ! ಬುವೆಲ್ತಾ!" ಎಂದು ಕೂಗುತ್ತಾರೆ. ತಿರುಗು ಎಂದರ್ಥ. ಆಗ ಹೊತ್ತವರು ಹೊರೆಯ ಸಮೇತ ನಿಂತಲ್ಲಿಯೇ ನಿಧಾನವಾಗಿ ಒಂದು ಸುತ್ತು ತಿರುಗುತ್ತಾರೆ, ಚಪ್ಪಾಳೆ ಮೊಳಗುತ್ತದೆ, ಮತ್ತೆ ಹತ್ತು ಹೆಜ್ಜೆಗೆ ಇನ್ನೊಂದು ಗುಂಪು ಅದನ್ನೇ ಕೇಳುತ್ತದೆ. ಅರವತ್ತು ಎಪ್ಪತ್ತು ಕಿಲೋ ಹೊತ್ತವರನ್ನು ಹೀಗೆ ತಿರುಗಿಸುವುದು ನನಗೆ ಮೊದಮೊದಲು ಕ್ರೂರವಾಗಿ ಕಂಡಿತು. ಆದರೆ ಯಾರೂ ಕೇಳದೆ ಹೋದಾಗ ಒಬ್ಬ ಹೆಂಗಸು ತಾನೇ ನಿಂತು ತಿರುಗಿದ್ದನ್ನೂ ನೋಡಿದೆ.

ಜನರ ಉದ್ಗಾರ ಹೆಚ್ಚಾಗಿ ಸಿಕ್ಕಿದ್ದು ಭವ್ಯ ಸಿಯೆತಾಗಳಿಗೆ. ನವಿಲು ಗರಿಬಿಚ್ಚಿದಂತೆ ರಸ್ತೆಯ ಅಗಲವನ್ನೇ ತುಂಬುವ ಆ ಚಕ್ರಗಳ ಕೆಳಗೆ ಹೊತ್ತವನು ಎರಡು ಕಾಲಾಗಿ ಮಾತ್ರ ಉಳಿಯುತ್ತಾನೆ. ನನ್ನ ಮನಸ್ಸು ಒಪ್ಪಿದ್ದು ಸಾಂಪ್ರದಾಯಿಕವಾದವುಗಳನ್ನು, ಏಕೆಂದರೆ ಅವುಗಳನ್ನು ಈಗಲೂ ಯಾರಾದರೂ ಬೀದಿಯ ಬದಿಯಲ್ಲಿ ಇಳಿಸಿ ಮಾರಬಹುದು ಎನ್ನಿಸುತ್ತದೆ. ಕಂಪನಿಗಳ ಲಾಂಛನವನ್ನು ಸೇವಂತಿಗೆಯಲ್ಲಿ ಬರೆದದ್ದನ್ನು ಹೊತ್ತವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಅದರಿಂದ ಸಂಪಾದನೆಯಿದೆ. ನೋಡಲು ಮಾತ್ರ ಜಾಹೀರಾತು ಫಲಕ ನಡೆದುಬಂದಂತಿತ್ತು. "ಸಿಯೆತೆರೊಗಳು ಹಾದುಹೋಗುವಾಗ ಹಾದುಹೋಗುವುದು ಆಂತಿಯೋಕಿಯಾ" ಎಂಬ ಘೋಷವಾಕ್ಯ ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿತ್ತು.

ಮೂರೂಕಾಲಿನ ಸುಮಾರಿಗೆ ನಮ್ಮ ಅಜ್ಜ ಬಂದರು. ನಾವು ಮೂವರೂ ಗಂಟಲು ಹರಿಯುವಂತೆ "ಬುವೆಲ್ತಾ" ಎಂದು ಕೂಗಿದೆವು. ಅವರು ನಮ್ಮನ್ನು ಗುರುತಿಸಿದರೋ ಇಲ್ಲವೋ, ನಿಂತು ಒಂದು ಸುತ್ತು ತಿರುಗಿದರು. ಮಗಳು ಫೋಟೊ ತೆಗೆದಳು.

ಏಳನೆಯ ದಿನ

ವಿಮಾನ ನಿಲ್ದಾಣಕ್ಕೆ ಸುರಂಗದ ಬದಲು ಬೆಟ್ಟದ ಮೇಲಿನ ಹಳೆಯ ದಾರಿಯಲ್ಲಿಯೇ ಹೋಗೋಣವೆಂದು ನಾನು ಹಟ ಹಿಡಿದೆ, ಶಾಲನ್ನು ಹಿಂದಿರುಗಿಸಬೇಕಾಗಿತ್ತು. ಅಂಗಳದಲ್ಲಿ ದಂಟುಗಳ ರಾಶಿ, ತುಂಡು ದಾರ, ಕಾಲಿಗಂಟುವ ದಳಗಳು. ಬರಿದಾದ ಚೌಕಟ್ಟು ಗೋಡೆಗೆ ಒರಗಿತ್ತು. ಹೂವಿಲ್ಲದ ಮೇಲೆ ಅದು ಮತ್ತೆ ಕುರ್ಚಿಯಂತೆಯೇ ಕಾಣುತ್ತಿತ್ತು. ಅಜ್ಜನ ಹಣೆಯ ಮೇಲೆ ಪಟ್ಟಿಯ ಕೆಂಪು ಗುರುತು ಇನ್ನೂ ಮಾಸಿರಲಿಲ್ಲ.

ಮಗಳು ತನ್ನ ಫೋನಿನಲ್ಲಿದ್ದ ಫೋಟೊವನ್ನು ಅವರಿಗೆ ತೋರಿಸಿದಳು. ಹೊತ್ತವರಿಗೆ ತಮ್ಮ ಸಿಯೆತಾ ರಸ್ತೆಯಲ್ಲಿ ಹೇಗೆ ಕಂಡಿತೆಂಬುದು ಇನ್ನೊಬ್ಬರು ತೋರಿಸಿದರೆ ಮಾತ್ರ ತಿಳಿಯುವ ಸಂಗತಿ. ಅವರು ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು. ನಂತರ ಎಡಬದಿಯಲ್ಲಿ ಹೊರಕ್ಕೆ ವಾಲಿದ್ದ ಒಂದು ಹಳದಿ ಸೇವಂತಿಗೆಯ ಕಟ್ಟಿನ ಮೇಲೆ ಬೆರಳಿಟ್ಟು ಸೊಸೆಯನ್ನು ಕರೆದು ಏನೋ ಕೇಳಿದರು. ಮಗಳು ಅನುವಾದಿಸುವ ಅಗತ್ಯವಿರಲಿಲ್ಲ. ಸೊಸೆ ನನ್ನ ಕಡೆ ಒಮ್ಮೆ ನೋಡಿ, ಮೊಮ್ಮಕ್ಕಳಲ್ಲಿ ಯಾರೋ ಕಟ್ಟಿರಬೇಕೆಂದು ಹೇಳಿ, ನಮಗೆ ಬೆಲ್ಲದ ನೀರು ತರಲು ಒಳಗೆ ಹೋದಳು.